ಬ್ಯಾಡ ಅಂದ ನಲವತ್ತು ಮಂದಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ರೆಫರಿಯ ಸೀಟಿಯಿಂದ ಶುರು ಮಾಡಿದರೆ ಇದು ಫುಟ್‌ಬಾಲ್ ಕಥೆಯೆಂದು ನಿಮ್ಮಲ್ಲಿ ಅರ್ಧ ಮಂದಿ ಎದ್ದು ಹೋಗುತ್ತೀರಿ. ರೊಟ್ಟಿಯಿಂದ ಶುರು ಮಾಡಿದರೆ ಉಳಿದವರಿಗೆ ಹಸಿವಾಗುತ್ತದೆ. ಮೊಣಕಾಲಿನಿಂದ ಶುರು ಮಾಡೋಣವೆಂದರೆ ಅದರ ಒಡತಿ ಸಮತಾ ಒಪ್ಪುತ್ತಿಲ್ಲ.

"ನನ್ನ ಮೊಣಕಾಲ ನಿಮಗ ಕಥಿ ರೀ ಸರ. ನನಗ ಅದು ಮೊಣಕಾಲ," ಎಂದಳು.

ಸರಿ, ಅದನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತೇನೆ. ಅಕ್ಕಿಆಲೂರಿನ ಫುಟ್‌ಬಾಲ್ ಕ್ಲಬ್ಬಿನ ಹೆಣ್ಣುಮಕ್ಕಳ ತಂಡಕ್ಕೆ ಆರು ವರ್ಷ ಗೋಲ್‌ಕೀಪರ್ ಆಗಿದ್ದ ಸಮತಾಳಿಗೆ ಹೋದ ವರ್ಷ ಮೊಣಕಾಲು ಕೈಕೊಟ್ಟಿತು. (ಮೊಣಕಾಲು ಕೈ ಕೊಡುವುದು ಹೇಗೆ ಎಂದು ಕೇಳಬೇಡಿ. ಬೇರೆ ಕ್ರಿಯಾಪದ ಹೊಳೆಯಲಿಲ್ಲ.)

೨

ಜಗತ್ತಿನ ದೊಡ್ಡ ಕ್ಲಬ್ಬುಗಳು ಬರೀ ಟಿಕೆಟ್ ಮಾರಿ ಬದುಕುವುದಿಲ್ಲ. ಪಂದ್ಯದ ದಿನ ಗಾಜಿನ ಕೋಣೆಯಲ್ಲಿ ಕುಳಿತು ಉಂಡು ಕುಡಿಯುವವರಿಂದ ಅವು ಗಳಿಸುವ ಆದಾಯವು ಒಟ್ಟಾರೆಯಾಗಿ...

(ಪ್ರಬಂಧದ ವಾಸನೆ ಬರುತ್ತಿದೆ. ಹರಿದು ಹಾಕಿದೆ.)

೨, ಮತ್ತೊಮ್ಮೆ

ಸಮತಾ ಇದನ್ನೆಲ್ಲ ಮೊಬೈಲಿನಲ್ಲಿ ನೋಡಿದ್ದಳು. ನೋಡಿದವಳೇ ಕ್ಲಬ್ಬಿನ ಅಧ್ಯಕ್ಷ, ಅಕ್ಕಿ ಗಿರಣಿಯ ಚಂದ್ರಪ್ಪನವರ ಹತ್ತಿರ ಹೋದಳು. ಅವಳ ಯೋಜನೆ ಇಷ್ಟು: ಮೈದಾನದ ಬದಿಗೆ ಶಾಮಿಯಾನ, ಅದರಡಿ ನಲವತ್ತು ಸೋಫಾ ಸೀಟು, ಸೀಟಿಗೆ ಮುನ್ನೂರು ರೂಪಾಯಿ, ಅರ್ಧ ಆಟ ಮುಗಿದಾಗ ಭರ್ಜರಿ ಊಟ.

"ಒಂದ ಮ್ಯಾಚ್ ಮಾಡಿ ತೋರಸು," ಎಂದರು ಚಂದ್ರಪ್ಪ. "ಮಂದಿ ಮತ್ತ ಬರ್ತೇವಿ ಅಂದ್ರ ಪಗಾರದ ಮ್ಯಾಲೆ ಇಟ್ಕೊಂತೇವಿ. ಇಲ್ಲಂದ್ರ ನಿನ್ನ ದಾರಿ ನಿನಗ."

ಸಮತಾಳಿಗೆ ಮೈದಾನ ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ, ಕಲಿಯುವ ಆಸೆಯೂ ಇಲ್ಲ. ಚೆಂಡಿನ ಸದ್ದಿಲ್ಲದ ಭಾನುವಾರವನ್ನು ನೆನೆದರೇ ಅವಳಿಗೆ ಅಳು ಬರುತ್ತಿತ್ತು.

ಹಂಸಭಾವಿಯ ವಿರುದ್ಧ ಗಂಡುಹುಡುಗರ ತಂಡದ ಪಂದ್ಯಕ್ಕೆ ಸೀಟುಗಳೆಲ್ಲ ಎರಡೇ ದಿನದಲ್ಲಿ ಮಾರಾಟವಾದವು. ಹಾನಗಲ್ಲಿನಿಂದ ವಕೀಲರು, ಶಿಗ್ಗಾವಿಯಿಂದ ಬಟ್ಟೆ ಅಂಗಡಿಯವರು, ಸವಣೂರಿನಿಂದ ವೀಳ್ಯದೆಲೆ ವ್ಯಾಪಾರಿ ದಸ್ತಗೀರಸಾಬರು ಬಂದರು. ಖಾನಾವಳಿಯ ಹಾಲವ್ವ ರೊಟ್ಟಿ, ಝುಣಕ, ಬದನೆಕಾಯಿ ಎಣ್ಣೆಗಾಯಿ, ಸಿಹಿಗೆ ಮಾದಲಿ ಮಾಡಿಟ್ಟಳು. ಬಡಿಸಲು ನಿಂತವರು ಸಮತಾಳ ತಂಡದ ಎಂಟು ಹುಡುಗಿಯರು. ಅವರಿಗೆ ಅವಳು ಮೂರು ದಿನ ತರಬೇತಿ ಕೊಟ್ಟಿದ್ದಳು.

"ಒಮ್ಮೆ ಕೇಳ್ರಿ, ನಕ್ಕೋತ ಕೇಳ್ರಿ. ಬ್ಯಾಡ ಅಂದ್ರ ಒತ್ತಾಯ ಮಾಡಬ್ಯಾಡ್ರಿ. ಇದು ಪ್ರೊಫೆಷನಲ್ ಸರ್ವಿಸ್."

೪

(ಮೂರರಲ್ಲಿ ಒಂದು ಪ್ರೇಮಕಥೆ ಹುಟ್ಟಿಕೊಂಡಿತ್ತು. ಸಮತಾ ನಿಂತು ಅಳಿಸಿ ಹಾಕಿಸಿದಳು.)

ಅರ್ಧ ಆಟ ಮುಗಿಯಿತು. ತಟ್ಟೆಗಳು ಬಂದವು.

"ರೊಟ್ಟಿ ಹಾಕ್ಲೇನ್ರೀ?"

"ಏ ಬ್ಯಾಡವಾ, ಮನ್ಯಾಗ ಈಗರ ಉಂಡ ಬಂದೇನಿ," ಎಂದರು ದಸ್ತಗೀರಸಾಬರು. ಈ ಊಟಕ್ಕೆಂದೇ ಅವರು ಬೆಳಗಿನಿಂದ ಬರೀ ಚಹಾದ ಮೇಲಿದ್ದರು. ಹುಡುಗಿ ನಕ್ಕು ಮುಂದೆ ಹೋದಳು. ಪಕ್ಕದ ವಕೀಲರು ಖಾಲಿ ತಟ್ಟೆಗೇ "ಸಾಕು, ಸಾಕು" ಎಂದರು. ಚಂದ್ರಪ್ಪನವರೂ ಬ್ಯಾಡ ಎಂದರು. ನಲವತ್ತಕ್ಕೆ ನಲವತ್ತು ಮಂದಿ ಬ್ಯಾಡ ಎಂದರು, ಎಂಟಕ್ಕೆ ಎಂಟು ಹುಡುಗಿಯರು ಅದನ್ನು ನಂಬಿದರು.

(ನಿಮಗೆ ಬಿಡಿಸಿ ಹೇಳಬೇಕೇ? ಮೊದಲ ಬ್ಯಾಡ ಮರ್ಯಾದೆಯದು, ಎರಡನೆಯದು ನಾಚಿಕೆಯದು. ಮೂರನೆಯ ಸಲ ತಟ್ಟೆಗೆ ಕೈ ಅಡ್ಡ ಹಿಡಿದಾಗ ಬೆರಳುಗಳ ನಡುವೆ ರೊಟ್ಟಿ ಜಾರುವಷ್ಟು ಜಾಗ ಬಿಟ್ಟಿರುತ್ತಾರೆ.)

ಮತ್ತೆ ಆಟ ಶುರುವಾಯಿತು. ಶಾಮಿಯಾನದಲ್ಲಿ ಯಾರೂ ಚೆಂಡನ್ನು ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ರೊಟ್ಟಿ ಬುಟ್ಟಿಯ ಮೇಲೆ. ಚಂದ್ರಪ್ಪನವರ ಮುಖ ಊದಿಕೊಂಡಿತ್ತು. ಎಣ್ಣೆಗಾಯಿ ಹಳಸಿದೆಯೇನೋ ಎಂದು ಸಮತಾ ಎರಡು ಸಲ ಮೂಸಿ ನೋಡಿದಳು. ಕೊನೆಗೆ ಹಾಲವ್ವ ಸೆರಗು ಸಿಕ್ಕಿಸಿಕೊಂಡು ಒಲೆಯ ಹತ್ತಿರದಿಂದ ಬಂದಳು.

"ಒಮ್ಮೆ ಬ್ಯಾಡ ಅಂದ್ರ ಬಿಟ್ಟ ಬಂದೀರಲ್ಲ! ಉಣ್ರಿ ಅನ್ನವ್ರು ಇಲ್ಲದ ಊಟ ಯಾರರ ಉಣ್ತಾರೇನ? ತಾ ಇಲ್ಲೆ ಬುಟ್ಟಿ."

ಸಮತಾ ಬುಟ್ಟಿ ಕೊಡಲಿಲ್ಲ, ತಾನೇ ಹೊತ್ತು ನಡೆದಳು. ಮೊಣಕಾಲು ನೋಯುತ್ತಿದ್ದರೂ ಒಬ್ಬೊಬ್ಬರ ಮುಂದೆಯೂ ಬಗ್ಗಿದಳು. "ನನ್ನ ಆಣಿ ಐತ್ರೀ, ಇದೊಂದ." "ಇಷ್ಟಕ್ಕ ಸಾಕಂದ್ರ ಹೆಂಗ್ರೀ?" ಮಂದಿ ಬ್ಯಾಡ ಬ್ಯಾಡ ಎನ್ನುತ್ತಲೇ ತಲಾ ನಾಲ್ಕು ರೊಟ್ಟಿ ಮುಗಿಸಿದರು. ಹಂಸಭಾವಿಯವರು ಹೊಡೆದ ಗೋಲನ್ನು ಶಾಮಿಯಾನದಲ್ಲಿದ್ದ ಹಂಸಭಾವಿಯವರೂ ನೋಡಲಿಲ್ಲ.

೫

"ಇಷ್ಟ ಪ್ರೀತೀಲೆ ಉಣಿಸೀದಿ, ಮುಂದಿನ ಮ್ಯಾಚಿಗೆ ಬಂದ ಬರ್ತೇವಿ," ಎಂದು ದಸ್ತಗೀರಸಾಬರು ಕೈ ತೊಳೆದರು. ಎಲ್ಲರೂ ಅದನ್ನೇ ಹೇಳಿದರು.

ಗೆದ್ದಳು! ಕಥೆ ಇಲ್ಲಿಗೆ ಮುಗಿಯಬಹುದು. ನಾನು ಪೆನ್ನಿಗೆ ಮುಚ್ಚಳ ಕೂಡ ಹಾಕಿದ್ದೆ. ಆದರೆ ಚಂದ್ರಪ್ಪನವರ ಮಾತು ಮುಗಿದಿರಲಿಲ್ಲ.

"ನೀ ಇನ್ನ ನಮ್ಮ ಕ್ಲಬ್ಬಿನ ಮಗಳು ನೋಡವಾ. ಪ್ರತಿ ಆಯ್ತವಾರ ನೀನ ನಡಸು."

"ಪಗಾರ ಎಷ್ಟಂತ ಮಾಡೀರಿ ಕಾಕಾರ?"

ಚಂದ್ರಪ್ಪನವರಿಗೆ ನಿಜಕ್ಕೂ ಬೇಸರವಾಯಿತು. "ಮನಿ ಮಗಳಿಗೆ ಯಾರರ ಪಗಾರ ಕೊಡ್ತಾರೇನ?"

ಸುತ್ತಲಿದ್ದವರು ಹೌದು ಹೌದು ಎಂದು ಪ್ರೀತಿಯಿಂದ ತಲೆಯಾಡಿಸಿದರು. ಸಮತಾಳಿಗೆ ಆ ಪ್ರೀತಿ ಸುಳ್ಳೆನಿಸಲಿಲ್ಲ, ಅದಕ್ಕೇ ಮೈಯೆಲ್ಲ ಉರಿಯಿತು. ಒತ್ತಾಯ ಮಾಡದಿದ್ದರೆ ಕೆಲಸ ಹೋಗುತ್ತಿತ್ತು, ಮಾಡಿದ್ದಕ್ಕೆ ಪಗಾರ ಹೋಯಿತು.

ನಾನು ಗಾಬರಿಯಾಗಿ ಅಂತ್ಯಗಳನ್ನು ಹುಡುಕಿದೆ.

ಅಂತ್ಯ ಒಂದು: ಚಂದ್ರಪ್ಪನವರ ಮನಸ್ಸು ಕರಗುತ್ತದೆ. ("ಅವ್ರ ಮನಸ್ಸು ಕರಗಿದ್ದು ನೀವು ಯಾವಾಗರ ಕಂಡೀರೇನ್ರೀ?" ಎಂದಳು ಸಮತಾ. ಹೊಡೆದು ಹಾಕಿದೆ.)

ಅಂತ್ಯ ಎರಡು: ಹಂಸಭಾವಿಯ ಕ್ಲಬ್ಬು ಅವಳನ್ನು ಪಗಾರ ಕೊಟ್ಟು ಕರೆಯುತ್ತದೆ. ("ಅಲ್ಲೆ ಹೋದ ಎರಡ ದಿನಕ್ಕ ಅವ್ರಿಗೂ ಮಗಳಾಗ್ತೇನಿ.")

ಅಂತ್ಯ ಮೂರನ್ನು ನಾನು ಬರೆಯುವ ಮೊದಲೇ ಅವಳು ಬುಟ್ಟಿ ಕೆಳಗಿಟ್ಟಳು.

"ಹಂಗಾದ್ರ ನನಗ ಈ ಕೆಲಸ ಬ್ಯಾಡ್ರೀ ಕಾಕಾರ."

ಶಾಮಿಯಾನವೆಲ್ಲ ನಕ್ಕಿತು. "ನಾಚ್ಕೊಂತಾಳ. ಇನ್ನೊಮ್ಮೆ ಕೇಳ್ರಿ," ಎಂದರು ದಸ್ತಗೀರಸಾಬರು. ಚಂದ್ರಪ್ಪನವರು ಇನ್ನಷ್ಟು ಅಕ್ಕರೆಯಿಂದ, ಇನ್ನೊಮ್ಮೆ ಕೇಳಿದರು.

"ಬ್ಯಾಡ್ರೀ."

ನಗು ಜೋರಾಯಿತು. ಮೂರನೆಯ ಸಲ ಕೇಳಲು ಚಂದ್ರಪ್ಪನವರು ಗಂಟಲು ಸರಿಮಾಡಿಕೊಂಡರು. ಮುಂದೆ ಏನಾಗುತ್ತದೆಂದು ನಾನು ಬರೆಯುವುದಿಲ್ಲ, ನನಗದು ಗೊತ್ತೂ ಇಲ್ಲ. ಅಷ್ಟರಲ್ಲಿ ಸಮತಾ ನನ್ನ ಕಡೆ ತಿರುಗಿದಳು.

"ನೀವರ ನಂಬ್ರಿ ಸರ," ಎಂದಳು.

ನನಗೆ ನಾಚಿಕೆಯಾಯಿತು. ಇನ್ನೊಮ್ಮೆ ಕೇಳೋಣವೆಂದು ನಾನೂ ಬಾಯಿ ತೆರೆದಿದ್ದೆ.