ನಡುವೆ ಕೂತವಳು

ಶವಪೆಟ್ಟಿಗೆಯ ಅಂಚನ್ನು ನೊಯೆಮಿ ಎರಡೂ ಕೈಯಿಂದ ಹಿಡಿದುಬಿಟ್ಟಿದ್ದಳು. ಮುಚ್ಚಳ ಹಾಕಲು ಬಂದ ಗಂಡಸರು ತೋಚದೆ ಪಾದ್ರಿಯ ಮುಖ ನೋಡಿದರು. ಒತೀಲಿಯಾ ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದಳು. ಒಂದು ಬಿಟ್ಟರೆ ಇನ್ನೊಂದು ಬಿಗಿಯುತ್ತಿತ್ತು.

"ಬಿಡು ಅಂತ ನೀನೇ ಹೇಳಮ್ಮ ಅವಳಿಗೆ," ಎಂದ ಹಿಂದೆ ನಿಂತಿದ್ದ ಫಿದೆನ್ಸಿಯೊ. ಅವನ ಮಗನೂ ನೊಯೆಮಿಯ ತರಗತಿಯಲ್ಲೇ ಇದ್ದವನು.

"ಹೇಳೋಕೆ ನನಗೆ ಬರಲ್ಲ."

"ಬರಲ್ಲ ಅಂದ್ರೆ? ಹೆತ್ತವಳಲ್ವಾ ನೀನು?"

"ಅವಳಿಗೆ ಇಂಗ್ಲಿಷ್ ಬಿಟ್ರೆ ತಿಳಿಯಲ್ಲ, ದೋನ್ ಫಿದೆನ್ಸಿಯೊ. ನನಗೆ ಸ್ಪ್ಯಾನಿಷ್ ಬಿಟ್ರೆ ಬರಲ್ಲ."

ಕೊನೆಗೆ ಶಾಲೆಯಿಂದ ಬಂದಿದ್ದ ಎಳೆಯ ಟೀಚರೊಬ್ಬಳು ಬಗ್ಗಿ ನೊಯೆಮಿಯ ಕಿವಿಯಲ್ಲಿ ಏನೋ ಉಸುರಿದಳು. ಬೆರಳುಗಳು ಸಡಿಲಗೊಂಡವು. ಏನು ಹೇಳಿದಳೋ, ಒತೀಲಿಯಾಗೆ ತಿಳಿಯಲಿಲ್ಲ. ಅವಳ ಮಗಳಿಗೆ ಆಗ ಇಪ್ಪತ್ತಮೂರು ವರ್ಷ.

ಪೆಟ್ಟಿಗೆಯಲ್ಲಿ ಮಲಗಿದ್ದವಳು ಓರ್ತೆನ್ಸಿಯಾ. ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟಗಳ ನಡುವಿನ ಆ ಊರಿನ ಸರ್ಕಾರಿ ಶಾಲೆಯಲ್ಲಿ ಮೂವತ್ತೊಂದು ವರ್ಷ ಸಹಾಯಕಿಯಾಗಿದ್ದವಳು. ಕಿವಿ ಕೇಳಿಸದ, ಕಾಲು ಏಳದ, ಬುದ್ಧಿ ನಿಧಾನವಾದ ಮಕ್ಕಳ ತರಗತಿ ಅವಳದು. ಉಣ್ಣಿಸುವುದು, ಒದ್ದೆ ಬಟ್ಟೆ ಬದಲಿಸುವುದು ಅವಳ ಕೆಲಸ. ಇಂಗ್ಲಿಷ್ ಬಾರದ ತಂದೆತಾಯಿಗೆ ಶಾಲೆಯವರ ಮಾತನ್ನು ಸ್ಪ್ಯಾನಿಷ್‌ನಲ್ಲಿ ಹೇಳುವುದೂ ಅವಳದೇ. ಮಂಗಳವಾರ ಬೆಳಿಗ್ಗೆ ಬಸ್ಸಿನಿಂದ ಮಕ್ಕಳನ್ನು ಇಳಿಸುತ್ತ ಇಳಿಸುತ್ತಲೇ ಕುಸಿದಿದ್ದಳು.

*

ಹದಿನೇಳು ವರ್ಷದ ಹಿಂದಿನ ಮಾತು. ನೊಯೆಮಿಗೆ ಆರು ವರ್ಷ. ಡೌನ್ ಸಿಂಡ್ರೋಮ್ ಇದ್ದ ಮಗು. ಮಾತು ತಡವಾಗಿ ಬಂದಿತ್ತು, ಆದರೆ ಬಂದಿತ್ತು, ತಾಯಿಯ ಸ್ಪ್ಯಾನಿಷ್‌ನಲ್ಲೇ. 'ಚಂದ್ರ', 'ಇನ್ನೂ ಬೇಕು', 'ಅಮ್ಮ ಬಾ'. ಒತೀಲಿಯಾ ಆ ಮಾತುಗಳನ್ನು ತೋಟದಲ್ಲಿ ಗೊಂಚಲು ಕೊಯ್ಯುತ್ತ ಜೊತೆಯವರಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದಳು.

ಶಾಲೆಯ ಸಭೆಗೆ ಕರೆ ಬಂತು. ಮೇಜಿನ ಸುತ್ತ ಆರು ಜನ. ಓರ್ತೆನ್ಸಿಯಾ ಗೋಡೆಗೆ ಒರಗಿ ನಿಂತಿದ್ದಳು. ಫೈಲು ಹಿಡಿದ ಒಬ್ಬ ಬಹಳ ಹೊತ್ತು ಮಾತಾಡಿದ. ಅವನು ನಿಲ್ಲಿಸಿದ ಮೇಲೆ ಓರ್ತೆನ್ಸಿಯಾ ಒತೀಲಿಯಾಳತ್ತ ಬಗ್ಗಿದಳು.

"ಎರಡು ಭಾಷೆ ಇವಳ ತಲೆಗೆ ಭಾರ ಆಗುತ್ತಂತೆ ಒತೀಲಿಯಾ. ಮನೇಲಿ ಇಂಗ್ಲಿಷ್ ಒಂದೇ ಆಡಿ ಅಂತಾರೆ."

"ನನಗೆ ಬರಲ್ವಲ್ಲ."

ಅದನ್ನು ಅವರಿಗೆ ಹೇಳಿ, ಉತ್ತರ ಕೇಳಿಕೊಂಡು ಓರ್ತೆನ್ಸಿಯಾ ತಲೆ ತಗ್ಗಿಸಿದಳು. "ಬರದಿದ್ರೆ ಟೀವಿ ಹಾಕಿಡಿ ಅಂತಾರೆ."

"ನೀವೇನಂತೀರಿ, ದೋನ್ಯಾ ಓರ್ತೆನ್ಸಿಯಾ?"

"ಹೇಳೋಳು ನಾನಲ್ಲಮ್ಮ. ಅವರಂದದ್ದನ್ನ ನಿನಗೆ ದಾಟಿಸೋಳು, ಅಷ್ಟೆ."

ಒತೀಲಿಯಾ ಪಥ್ಯ ಹಿಡಿದವಳಂತೆ ಆ ಮಾತು ಪಾಲಿಸಿದಳು. ಜೋಗುಳ ನಿಂತಿತು. ಬೈಗುಳವೂ ನಿಂತಿತು. ಸೇಬು ಕೊಯ್ಯಲು ಉತ್ತರಕ್ಕೆ ಹೋದ ಗಂಡ ಹಿಂದಿರುಗಿರಲಿಲ್ಲ. ಮನೆಯಲ್ಲಿ ಮಾತಾಡುತ್ತಿದ್ದದ್ದು ಟೀವಿ ಒಂದೇ. ಮಗಳ ಬಾಯಿಂದ ಸ್ಪ್ಯಾನಿಷ್ ಮಾತುಗಳು ಹಾಲುಹಲ್ಲಿನಂತೆ ಒಂದೊಂದಾಗಿ ಉದುರಿದವು. ಕಡೆಗೆ ಉದುರಿದ್ದು 'ಅಮ್ಮ ಬಾ'. ಶಾಲೆಯಲ್ಲಿ ಇಂಗ್ಲಿಷ್ ಬಂತು, ವಾಕ್ಯ ವಾಕ್ಯವೇ ಬಂತು. ತಾಯಿಯ ಕಿವಿಗೆ ಅದು ಪಕ್ಕದ ಮನೆಯ ಸದ್ದಿನಂತೆ ಕೇಳುತ್ತಿತ್ತು.

*

ಸ್ಮಶಾನದಲ್ಲಿ ಬಿಸಿಲು ಏರಿತ್ತು. ಸತ್ತವಳ ತಂಗಿ ಅಂಪಾರೊ ಹೂಚಕ್ರವೊಂದನ್ನು ಕಣ್ಣಲ್ಲೇ ತೋರಿಸಿದಳು.

"ನೋಡಿ, ಇಸ್ಕೂಲಿನವರದ್ದು. ಎಷ್ಟು ದೊಡ್ಡದು! ಬದುಕಿದ್ದಾಗ ಸಭೇಲಿ ಒಂದು ಕುರ್ಚಿ ಹಾಕಿದವರಲ್ಲ. ನಿಂತೂ ನಿಂತೂ ಅಕ್ಕನ ಕಾಲು ಊದ್ಕೊಳ್ತಿತ್ತು."

"ಆಮೇಲಾಮೇಲೆ ತಾನೇ ಎಳ್ಕೊಂಡು ಕೂರ್ತಿದ್ರು ಬಿಡಿ," ಎಂದ ಫಿದೆನ್ಸಿಯೊ. "ನನ್ನ ಮಗನ್ನ ಮೂರು ವರ್ಷ, 'ಇಂಗ್ಲಿಷ್ ಬರಲ್ಲ ಅದಕ್ಕೇ ಸುಮ್ಮನಿರ್ತಾನೆ, ಕಲೀತಾನೆ' ಅಂತ ತಳ್ಳಿದ್ರು. ಒಂದಿನ ದೋನ್ಯಾ ಓರ್ತೆನ್ಸಿಯಾ ಅಡುಗೆಮನೆಯಿಂದ ತಟ್ಟೆ ತಂದು ಸಭೇಲೇ ಅವನ ಬೆನ್ನ ಹಿಂದೆ ಢಣ್ ಅಂತ ಬೀಳ್ಸಿದ್ರು. ಸಾಹೇಬ್ರೆಲ್ಲ ಬೆಚ್ಚಿ ಬಿದ್ರು. ನನ್ನ ಮಗ ಚಿತ್ರಕ್ಕೆ ಬಣ್ಣ ಹಚ್ತಾನೇ ಇದ್ದ." ಅವನು ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ. "ಮಾರನೇ ದಿನ ಇವರಿಗೆ ಎಚ್ಚರಿಕೆ ಪತ್ರ."

"ಗುಬ್ಬಚ್ಚಿ ಥರ ಇದ್ದೋಳು. ಎಲ್ಲಿಂದ ಬಂತೋ ಆ ಧೈರ್ಯ," ಎಂದಳು ಅಂಪಾರೊ.

ಎಲ್ಲಿಂದ ಬಂತೆಂದು ಒತೀಲಿಯಾಗೆ ಗೊತ್ತಿತ್ತು. ಅವಳು ಮಗಳ ಕಾಲರು ಸರಿಮಾಡಿದಳು.

*

ಆರು ವರ್ಷ ಕಳೆದಿತ್ತು, ಟೀವಿ ಹಾಕಿಡಿ ಎಂದ ಆ ಸಭೆಯಾಗಿ. ಒಂದು ಭಾನುವಾರ ಓರ್ತೆನ್ಸಿಯಾ ಬಾಗಿಲಿಗೆ ಬಂದಳು. ಒಳಗೆ ಕರೆದರೂ ಕೂರಲಿಲ್ಲ.

"ಅವತ್ತು ಅವರು ಹೇಳಿದ್ದು ತಪ್ಪು, ಒತೀಲಿಯಾ. ಈ ಮಕ್ಕಳೂ ಎರಡು ಭಾಷೆ ಕಲೀತಾರಂತೆ. ಮನೆ ಮಾತು ಕಿತ್ಕೊಳ್ಳಲೇಬಾರದಂತೆ. ಹೊರಗಿಂದ ಬಂದ ಒಬ್ರು ಮೇಡಂ ನಮಗೆಲ್ಲ ಪಾಠ ಮಾಡಿದ್ರು."

ಒತೀಲಿಯಾ ಒಲೆ ಆರಿಸಿದಳು. "ನಿಮಗೆ ಇವತ್ತು ಗೊತ್ತಾಯ್ತಾ?"

"ಇಲ್ಲ. ಅವತ್ತೇ ನನ್ನ ಕರುಳು ಹೇಳ್ತಿತ್ತು. ಕೆಲಸ ಹೋದೀತು ಅಂತ ಬಾಯಿ ಮುಚ್ಕೊಂಡಿದ್ದೆ."

"ಹೊರಗೆ ಹೋಗಿ."

ಮುಂದಿನ ಭಾನುವಾರವೂ ಬಂದಳು; ಬಾಗಿಲು ತೆರೆಯಲಿಲ್ಲ. ಅದರ ಮುಂದಿನ ಭಾನುವಾರ ಒತೀಲಿಯಾ ತಾನೇ ಕೈಹಿಡಿದು ಒಳಗೆಳೆದುಕೊಂಡಳು. ನೊಯೆಮಿ ಮೂರು ದಿನದಿಂದ ಒಂದೇ ಮಾತು ಹೇಳಿ ಅಳುತ್ತಿದ್ದಳು. ಜ್ವರವಿಲ್ಲ, ಗಾಯವಿಲ್ಲ. ಓರ್ತೆನ್ಸಿಯಾ ಹುಡುಗಿಯ ಪಕ್ಕ ಕೂತು ಕೇಳಿದಳು, ಕೇಳಿ ಮುಖ ಆಚೆ ತಿರುಗಿಸಿದಳು.

"ದಾಟಿಸಿ ದೋನ್ಯಾ. ಅದೇ ತಾನೇ ನಿಮ್ಮ ಕೆಲಸ?"

"ಅಮ್ಮ ನನ್ನ ಹತ್ರ ಯಾಕೆ ಮಾತಾಡಲ್ಲ ಅಂತ ಕೇಳ್ತಿದಾಳೆ."

ಅಂದಿನಿಂದ ಹನ್ನೊಂದು ವರ್ಷ, ಒಂದು ಭಾನುವಾರವೂ ತಪ್ಪದೆ, ಓರ್ತೆನ್ಸಿಯಾ ಬಂದು ತಾಯಿಮಗಳ ನಡುವೆ ಸೋಫಾದಲ್ಲಿ ಕೂತಳು. ವಾರದ ಮಾತೆಲ್ಲ ಅವಳ ಬಾಯಿಂದಲೇ ಆಚೀಚೆ ಹೋಗಬೇಕು. ಒತೀಲಿಯಾ ಮತ್ತೆ ತನ್ನ ಮಾತು ಕಲಿಸಲು ನೋಡಿದಳು. 'ಉಣ್ಣು', 'ಬಾ', 'ಮಲಗು' ಇಷ್ಟರಾಚೆ ಮಗಳು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಕ್ಷಮಿಸಿದೆನೆಂದು ಒತೀಲಿಯಾ ಹೇಳಲಿಲ್ಲ. ಓರ್ತೆನ್ಸಿಯಾ ಕೇಳಲೂ ಇಲ್ಲ. ಕಾಫಿ ಮಾತ್ರ ಕುಡಿದು ಹೋಗುತ್ತಿದ್ದಳು.

*

ಮಣ್ಣು ಹಾಕಿದ ಮೇಲೆ ಜನ ಊಟಕ್ಕೆಂದು ಚರ್ಚಿನ ಹಾಲಿಗೆ ಹೊರಟರು. ಎಳೆಯ ಟೀಚರೂ ಕಾರು ಹತ್ತಿದಳು. ನೊಯೆಮಿ ಮಾತ್ರ ಕದಲಲಿಲ್ಲ. ಹಸಿ ಮಣ್ಣಿನ ಗುಡ್ಡೆಯತ್ತ ನೋಡಿ, ತಾಯಿಯತ್ತ ತಿರುಗಿ, ಏನೋ ಹೇಳಿದಳು. ಉದ್ದದ ಮಾತು. ಕೊನೆಗೆ ದನಿ ಮೇಲೇರಿತು. ಅದು ಪ್ರಶ್ನೆ ಎಂಬಷ್ಟು ಒತೀಲಿಯಾಗೆ ಗೊತ್ತಾಯಿತು.

ಸಲಿಕೆ ತೊಳೆಯುತ್ತಿದ್ದ ಕೆಲಸದವನ ಹತ್ತಿರ ಓಡಿದಳು. "ಅಣ್ಣಾ, ನನ್ನ ಮಗಳು ಏನು ಕೇಳ್ತಿದಾಳೆ, ಸ್ವಲ್ಪ ಹೇಳಿ."

ಅವನು ಟೋಪಿ ತೆಗೆದ. "ನಂಗೂ ಇಂಗ್ಲಿಷ್ ಬರಲ್ಲ ತಾಯಿ. ಊರು ಬಿಟ್ಟು ಬಂದು ಎರಡೇ ತಿಂಗಳು."

ನೊಯೆಮಿ ಹಿಂದೆಯೇ ಬಂದಿದ್ದಳು. ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು, ಈ ಸಲ ನಿಧಾನವಾಗಿ, ಒಂದೊಂದು ಪದವನ್ನೂ ಬಿಡಿಸಿ, ಚಿಕ್ಕ ಮಗುವಿಗೆ ಹೇಳುವಂತೆ. ಒತೀಲಿಯಾ ತಲೆಯಾಡಿಸಿದಳು. ಅದು ಉತ್ತರವಲ್ಲವೆಂಬಂತೆ ಮಗಳು ತಾಯಿಯ ಮುಖವನ್ನು ಮಣ್ಣಾದ ಎರಡು ಅಂಗೈಗಳಲ್ಲಿ ಹಿಡಿದು ತನ್ನತ್ತ ತಿರುಗಿಸಿಕೊಂಡಳು, ಮೂರನೆಯ ಸಲ ಕೇಳಿದಳು, ಮತ್ತು ಅವಳ ತುಟಿಗಳನ್ನೇ ನೋಡುತ್ತ ನಿಂತಳು.