ಕುಬಸದ ದಿನ ನಿಂತುಹೋದ ರಾಜೀನಾಮೆ

ಹೊಸಪೇಟೆಯ ಚಿತ್ತವಾಡ್ಗಿಯ ಸುಂಕಪ್ಪನಿಗೆ ಮಗಳು ರಮಾಳ ಕಂಪನಿಯೆಂದರೆ ಎಲ್ಲಿಲ್ಲದ ಅಭಿಮಾನ. ಸಂಡೂರಿನ ಗಣಿಯಲ್ಲಿ ಮೂವತ್ತು ವರ್ಷ ಕೆಂಪು ಧೂಳು ಕುಡಿದವನು ಅವನು. ಮಗಳು ಹೊಸಪೇಟೆಯಲ್ಲೇ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ತಣ್ಣನೆ ರೂಮಿನಲ್ಲಿ ಕುಳಿತು ದುಡಿಯುತ್ತಾಳೆಂದರೆ ಸುಮ್ಮನೆ ಮಾತೇ? ಚಹಾದಂಗಡಿಯಲ್ಲಿ ಯಾರೂ ಕೇಳದಿದ್ದರೂ ಹೇಳುತ್ತಿದ್ದ.

ರಮಾಳಿಗೆ ಏಳು ತಿಂಗಳು ತುಂಬಿತ್ತು. ತವರಿನಲ್ಲಿ ಕುಬಸದ, ಅಂದರೆ ಸೀಮಂತದ, ಸಡಗರ. ಅದೇ ವಾರ ಹೆರಿಗೆ ರಜೆ ಕೇಳಿದರೆ ಕಂಪನಿಯ ಎಚ್‌ಆರ್ ಮೇಡಂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡಿದರು. ರಜೆಯೆಲ್ಲ ಯಾಕೆ, ನೀವಾಗಿಯೇ ರಾಜೀನಾಮೆ ಕೊಟ್ಟು ಆರಾಮಾಗಿರಿ, ಮಗು ದೊಡ್ಡದಾದ ಮೇಲೆ ನೋಡೋಣ, ಸೋಮವಾರದೊಳಗೆ ಮೇಲ್ ಬರಲಿ ಎಂದರು. ಕಷ್ಟಪಟ್ಟು ಗಳಿಸಿದ ಕೆಲಸ ಹೋಗುತ್ತದೆಂದು ರಮಾ ಕಂಗಾಲಾದಳು. ಸುಂಕಪ್ಪನಿಗೋ ಕಣ್ಣೇ ತುಂಬಿತು. ಆರಾಮಾಗಿರು ಅಂತಾರೆ, ಆಮೇಲೆ ಮತ್ತೆ ಕರೆಯುತ್ತಾರೆ, ಎಂಥ ದೊಡ್ಡ ಮನಸ್ಸು ಅವರದು, ಬೇಗ ಕಳಿಸು ಎಂದು ಮಗಳ ಬೆನ್ನು ಹತ್ತಿದ. ಮೇಡಂಗೆ ಕುಬಸದ ಉಂಡಿ ಕಳಿಸಲು ಒಂದು ಡಬ್ಬಿಯನ್ನೂ ತೊಳೆಸಿಟ್ಟ.

ಕುಬಸದ ದಿನ ಕಂಪ್ಲಿಯಿಂದ ಕಾವ್ಯ ಬಂದಳು. ಅದೇ ಕಂಪನಿಯ ಗೆಳತಿ, ಐಟಿ ನೌಕರರ ಸಂಘದ ಸದಸ್ಯೆ. ಹಸಿರು ಬಳೆ ತೊಡಿಸುವಾಗ ಗೆಳತಿಯ ಮುಖ ನೋಡಿ ವಿಷಯ ಹೊರಗೆಳೆದಳು. ಹೋಳಿಗೆ ಬಡಿಸಲು ಬಂದ ಸುಂಕಪ್ಪ ಡಬ್ಬಿಯ ಸಂಗತಿಯನ್ನೂ ಹೇಳಿದ. ಕಾವ್ಯಳಿಗೆ ನಗುವೂ ಬಂತು, ಸಿಟ್ಟೂ ಬಂತು.

ಕಾವ್ಯ ಬಿಡಿಸಿ ಹೇಳಿದಳು: ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಎಂಬತ್ತು ದಿನ ದುಡಿದವಳಿಗೆ, ಮೊದಲ ಹೆರಿಗೆಗೆ, ಇಪ್ಪತ್ತಾರು ವಾರ ಸಂಬಳದ ರಜೆ ಕಾನೂನೇ ಕೊಟ್ಟಿದೆ. ಆ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವಂತಿಲ್ಲ. ನಾನೇ ಬಿಟ್ಟೆ ಎಂದು ಬರೆದುಕೊಟ್ಟರೆ ಮಾತ್ರ ಆಮೇಲೆ ಹಕ್ಕು ಕೇಳುವುದು ಕಷ್ಟ. ಅದಕ್ಕೇ ಈ ಸಿಹಿಮಾತು. ಸಂಘ ಜೊತೆಗಿರುತ್ತದೆ ಎಂದಳು.

ಸುಂಕಪ್ಪ ಒಪ್ಪಲಿಲ್ಲ. "ಸಂಘ ಅನ್ನೋದು ಸಲಿಕಿ ಹಿಡ್ಯೋರಿಗೆ, ಯವ್ವಾ. ಕುರ್ಚಿ ಮ್ಯಾಲ ಕುಂದ್ರೋರಿಗೆ ಎಂಥಾ ಸಂಘ?"

"ಕಾಕಾ, ನಿಮ್ಮ ಗಣಿಯಾಗ ಮ್ಯಾನೇಜರ್ ಯಾರನ್ನರ ಆಫೀಸಿಗೆ ಕರದ್ರ ಏನ್ ಮಾಡ್ತಿದ್ರಿ?"

"ಒಬ್ಬನ್ನೇ ಒಳಗ ಬಿಡ್ತಿರಲಿಲ್ಲ. ಇಬ್ಬರು ಜೊತಿಗೆ ಹೋಗ್ತಿದ್ವಿ. ಅದು ನಮ್ಮ ರೂಢಿ..."

ಹೇಳುತ್ತಲೇ ಅವನು ಮಗಳ ಕಡೆ ತಿರುಗಿದ. ಬಸುರಿ ಮಗಳನ್ನು ಒಬ್ಬಳೇ ಒಳಗೆ ದಬ್ಬುತ್ತಿದ್ದವನು ತಾನೇ ಅಲ್ಲವೇ? ಸುಂಕಪ್ಪನಿಗೆ ಭಾರೀ ನಾಚಿಕೆಯಾಯಿತು. ಹೆಂಡತಿ ತಿಪ್ಪಕ್ಕ, ಸಿಕ್ಕಿದ್ದೇ ಸಮಯವೆಂದು, ಬಂದ ಹೆಂಗಸರೆದುರು ಅವನನ್ನು ಚೆನ್ನಾಗಿ ಆಡಿಕೊಂಡಳು.

ಸೋಮವಾರ ರಮಾ ರಾಜೀನಾಮೆ ಕಳಿಸಲಿಲ್ಲ. ರಜೆಯ ಅರ್ಜಿಯನ್ನೇ ಮೇಲ್ ಮಾಡಿ, ಕೆಲಸಕ್ಕೆ ಸೇರಿದ ದಿನ ತೋರಿಸಲು ನೇಮಕಾತಿ ಪತ್ರದ ಪ್ರತಿ ಕೈಯಲ್ಲಿಟ್ಟುಕೊಂಡಳು. ಮೇಡಂ ಕರೆದಾಗ ಜೊತೆಗೆ ಕಾವ್ಯ ಮತ್ತು ಸಂಘದ ಇನ್ನೊಬ್ಬಳು ಒಳಗೆ ಹೋದರು. ಇಸ್ತ್ರಿ ಅಂಗಿ ತೊಟ್ಟ ಸುಂಕಪ್ಪ ಗೇಟಿನಲ್ಲಿ ಕಾದು ನಿಂತ. ಕಾವ್ಯ ಕಾರ್ಮಿಕ ಇಲಾಖೆಯ ಹೆಸರನ್ನು ಒಮ್ಮೆ ಎತ್ತಿದಳು, ಅಷ್ಟೇ. ಮೇಲಿನವರನ್ನು ಕೇಳುತ್ತೇನೆಂದರು ಮೇಡಂ. ನಾಲ್ಕು ದಿನಕ್ಕೆ ರಜೆ ಮಂಜೂರಾಯಿತು. ಮೇಡಂಗೆಂದು ತೊಳೆಸಿಟ್ಟ ಅದೇ ಡಬ್ಬಿ ತುಂಬ ಉಂಡಿ ಹೊತ್ತು ಸುಂಕಪ್ಪ ಸಂಘದ ಸಭೆಗೆ ಹೋದ.

ಕಂಪ್ಯೂಟರ್ ಮುಂದೆ ದುಡಿಯುವ ತಂಗಿ ತಮ್ಮಂದಿರೇ, ಸಂಘ ಸೇರುವುದು ಸಂವಿಧಾನ ಕೊಟ್ಟ ಹಕ್ಕು. ನೀವಾಗಿಯೇ ಬಿಡಿ ಎಂದು ಯಾರಾದರೂ ಹೇಳಿದರೆ ಅವಸರದಲ್ಲಿ ಬರೆದುಕೊಡಬೇಡಿ. ಸಂಘದವರನ್ನೋ ಕಾರ್ಮಿಕ ಇಲಾಖೆಯನ್ನೋ ಮೊದಲು ಕೇಳಿ. ಅಪ್ಪ ಅಮ್ಮಂದಿರೇ, ಆಫೀಸಿನ ಆ ಬಾಗಿಲೊಳಗೆ ನಿಮ್ಮ ಮಗಳನ್ನು ಒಬ್ಬಳನ್ನೇ ಕಳಿಸಬೇಡಿ.