ಐವತ್ತರ ಗೆರೆ

ಪ್ರೊಫೆಸರರು ಅವಳ ಗ್ರಾಫಿನ ಹಾಳೆಯ ಮೂಲೆ ಹರಿದು, ಸುರುಳಿ ಸುತ್ತಿ, ಹಲ್ಲಿನ ಸಂದಿಗೆ ಹಾಕಿದರು. ಮಧ್ಯಾಹ್ನ ತಿಂದ ಮಾಂಸದ ಎಳೆಯೊಂದು ಅಲ್ಲಿ ಸಿಕ್ಕಿಕೊಂಡಿತ್ತು. ಅದು ಹೊರಬಂದ ಮೇಲೆ ಗ್ರಾಫನ್ನು ಒಮ್ಮೆ ಕಣ್ಣರಳಿಸಿ ನೋಡಿ, "ಅದ್ಭುತವಾದ ಕೆಲಸ ಕಣಮ್ಮಾ," ಎಂದರು.

ಅವಳು ವಿಶ್ವವಿದ್ಯಾಲಯದಲ್ಲಿ ವಿಮಾ ಗಣಿತದ ಕೊನೆಯ ವರ್ಷದಲ್ಲಿದ್ದಳು. ಅಪ್ಪ ತೀರಿಕೊಂಡ ಮೇಲೆ ಬಣ್ಣದ ಕಾರ್ಖಾನೆಯಲ್ಲಿ ದುಡಿದು ಓದಿಸಿದವನು ಚಿಕ್ಕಪ್ಪ. ಅವನ ಬಾಯಲ್ಲಿ ಅವಳು 'ಲೆಕ್ಕದಮ್ಮ'. ಇಸ್ಲಾಮಿಕ್ ಹಣಕಾಸಿನ ವಿಷಯವನ್ನು ಅವಳು ಆರಿಸಿಕೊಂಡದ್ದು ಇದೇ ಪ್ರೊಫೆಸರರ ಮೊದಲ ಪಾಠಕ್ಕೆ ಮರುಳಾಗಿ. "ತಕಾಫುಲ್ ಅಂದ್ರೆ ಒಬ್ಬರ ಹೊರೆಗೆ ಇನ್ನೊಬ್ಬರು ಹೆಗಲು ಕೊಡೋದು. ಎಲ್ಲರೂ ಒಂದು ನಿಧಿಗೆ ಹಾಕ್ತಾರೆ, ಕಷ್ಟ ಬಂದ ಮನೆಗೆ ಅದರಿಂದ ಹೋಗುತ್ತೆ. ಬಡ್ಡಿ ಇಲ್ಲ, ಸಾವಿನ ಮೇಲೆ ಜೂಜಿಲ್ಲ," ಎಂದಾಗ ಅವರ ದನಿ ನಡುಗಿತ್ತು, ಕಣ್ಣು ಒದ್ದೆಯಾಗಿತ್ತು. ಅವಳದೂ ಆಗಿತ್ತು.

ಹಾಗಾಗಿ, ಬಣ್ಣದ ಕಾರ್ಖಾನೆಗಳ ಕೆಲಸಗಾರರಿಗೆ ಕಂಪನಿಯೊಂದು ಅಂಥ ನಿಧಿ ತೆರೆಯಲಿದೆ, ಲೆಕ್ಕ ನೀನು ಹಾಕು ಎಂದು ಅವರು ಹೇಳಿದಾಗ ಎದ್ದೆನೋ ಬಿದ್ದೆನೋ ಎಂದು ಒಪ್ಪಿದಳು. ಕೆಲಸಗಾರರ ಓಣಿಗಳಲ್ಲಿ ಮನೆಮನೆ ಅಲೆದಳು. ಕೆಮ್ಮು ಯಾವಾಗ ಹಿಡಿಯಿತು, ಹಾಸಿಗೆ ಹಿಡಿದದ್ದು ಯಾವಾಗ, ಹೋದದ್ದು ಯಾವ ವಯಸ್ಸಿಗೆ? ಗಂಡಂದಿರನ್ನು ಕಳೆದುಕೊಂಡ ಹೆಂಗಸರು ಮುಚ್ಚುಮರೆಯಿಲ್ಲದೆ ಹೇಳಿದರು. ಗ್ರಾಫಿನಲ್ಲಿ ಐವತ್ತರವರೆಗೆ ಮಲಗಿಕೊಂಡಿದ್ದ ಸಾವಿನ ಗೆರೆ, ಐವತ್ತು ದಾಟುತ್ತಲೇ ಗೋಡೆಯಂತೆ ಎದ್ದು ನಿಂತಿತು. ಇದನ್ನು ಕಂಡರೆ ಕಲ್ಲೂ ಕರಗೀತು ಎಂದುಕೊಂಡಿದ್ದಳು.

ಪ್ರೊಫೆಸರರು ಅದೇ ಸುರುಳಿಯ ತುದಿಯನ್ನು ಗೆರೆ ಮೇಲೇಳುವ ಜಾಗಕ್ಕೆ ಒತ್ತಿದರು. ಹಾಳೆಯ ಮೇಲೆ ಎಂಜಲು ಅಂಟಿತು. "ಐವತ್ತಕ್ಕೆ ಸದಸ್ಯತ್ವ ಮುಗೀತು ಅಂತ ಇಟ್ಟುಬಿಟ್ರೆ? ನಿಧಿ ಕರಗೋದೇ ಇಲ್ಲ. ಉಳಿದದ್ರಲ್ಲಿ ಅರ್ಧ ಕಂಪನಿಗೆ, ಚೆನ್ನಾಗಿ ನಡೆಸಿದ್ದಕ್ಕೆ ಬಹುಮಾನ."

"ಸರ್, ಅವರು ಸಾಯೋದೇ ಐವತ್ತು ದಾಟಿದ ಮೇಲೆ."

"ಅದನ್ನ ಇಷ್ಟು ಚೆನ್ನಾಗಿ ತೋರಿಸಿಕೊಟ್ಟೋಳು ನೀನೇ ಅಲ್ವಾ! ಕಂಪನಿಯವರು ಬಾಯಿ ಚಪ್ಪರಿಸ್ತಿದಾರೆ. ಓದು ಮುಗಿದ ತಕ್ಷಣ ಕೆಲಸವೂ ನಿಂಗೇ."

ಅವಳು ಎಂಜಲಾದ ಹಾಳೆ ಎತ್ತಿಕೊಂಡು ಎದ್ದಳು. ಹೊರಗೆ ನಲ್ಲಿಯ ಕೆಳಗೆ ಕೈ ಹಿಡಿದು ಎಷ್ಟು ತಿಕ್ಕಿದರೂ ಸಮಾಧಾನವಾಗಲಿಲ್ಲ.

ಮುಂದಿನ ವಾರ ಒಪ್ಪಿಗೆಯ ಸಭೆ. ಯೋಜನೆ ಧರ್ಮಕ್ಕೆ ಸಲ್ಲುತ್ತದೆಯೇ ಎಂದು ಹೇಳಬೇಕಾಗಿದ್ದ ವಯಸ್ಸಾದ ಮೌಲ್ವಿಗಳು ಮೇಜಿನ ತುದಿಯಲ್ಲಿ ಕಿವಿಗೆ ಅಂಗೈ ಆನಿಸಿ ಕೂತಿದ್ದರು. ಕಂಪನಿಯ ಮ್ಯಾನೇಜರ್ ಕೇಕು ತಿಂದು ಬೆರಳಿನ ಕೆನೆ ನೆಕ್ಕುತ್ತಿದ್ದ. ಪ್ರೊಫೆಸರರು ಹೆಗಲು ಕೊಡುವ ಮಾತನ್ನೇ ಎತ್ತಿದರು. ಅದೇ ಪದಕ್ಕೆ ದನಿ ನಡುಗಿತು, ಅದೇ ಪದಕ್ಕೆ ಕಣ್ಣಲ್ಲಿ ನೀರು ಬಂತು. ಅವಳಿಗೆ ಹೇಸಿಗೆ ತುಳಿದಂತಾಯಿತು. ಥೂ, ತಾನು ಅತ್ತದ್ದು ಈ ಕಣ್ಣೀರು ನೋಡಿಯೇ!

"ನಂಗೆ ಗಣಿತ ಬರಲ್ಲ," ಎಂದರು ಮೌಲ್ವಿಗಳು ಅವಳ ಕಡೆ ತಿರುಗಿ. "ನೀನು ಹೇಳು ಮಗಳೇ. ಇದರಿಂದ ಸಹಾಯ ಯಾರಿಗೆ?"

"ಅವಳಿನ್ನೂ ವಿದ್ಯಾರ್ಥಿ, ನಾನು ವಿವರಿಸ್ತೀನಿ..." ಪ್ರೊಫೆಸರರು ಎದ್ದರು.

"ಐವತ್ತರ ಒಳಗೆ ಸಾಯೋರಿಗೆ," ಅವಳು ದನಿ ಏರಿಸಿದಳು. "ಅಂಥವರು ತೀರಾ ಕಡಿಮೆ. ಮಿಕ್ಕವರು ಮೈ ಗಟ್ಟಿ ಇರೋವರೆಗೂ ದುಡ್ಡು ಹಾಕ್ತಾರೆ, ಸಾಯೋ ಹೊತ್ತಿಗೆ ಸರಿಯಾಗಿ ಹೊರಗಾಗ್ತಾರೆ. ಆ ಗೆರೆ ಎಲ್ಲಿ ಎಳೀಬೇಕು ಅಂತ ತೋರಿಸಿದ್ದು ನಾನೇ."

ಮೌಲ್ವಿಗಳು ಪೆನ್ನಿನ ಮುಚ್ಚಳ ಹಾಕಿದರು. "ಹೊರೆ ಬಂದಾಗ ಹೆಗಲು ತಪ್ಪಿಸಿಕೊಳ್ಳೋಕೆ ನನ್ನ ಸಹಿ ಯಾಕಪ್ಪಾ?" ಎಂದು ಎದ್ದು ಹೋದರು.

ಅವರು ಹೋದ ಜಾಗಕ್ಕೆ ಕಂಪನಿ ಇನ್ನೊಬ್ಬರನ್ನು ತಂದು ಕೂರಿಸಿತು. ಅವರು ಏನನ್ನೂ ಕೇಳದೆ ಸಹಿ ಹಾಕಿದರು. ಅವಳಿಗೆ ಬಿದ್ದದ್ದು ತೇರ್ಗಡೆಯಾಗುವಷ್ಟು ಅಂಕ. ಕೆಲಸ ಪಕ್ಕದ ಬೆಂಚಿನವನಿಗೆ. ಬೀಳ್ಕೊಡುಗೆಯ ದಿನ ಪ್ರೊಫೆಸರರು ತಲೆ ಸವರಲು ಕೈ ಚಾಚಿದರು. ಅವಳು ಹಿಂದೆ ಸರಿದಳು.

ಒಂದು ಸಂಜೆ ಚಿಕ್ಕಪ್ಪ ಬಂದವನೇ ಹಿಗ್ಗಿನಿಂದ ಹೇಳಿದ: "ಲೆಕ್ಕದಮ್ಮಾ, ನಿಮ್ಮ ನಿಧಿಗೆ ನಮ್ಮೋರೆಲ್ಲ ಸೇರಿದ್ರು! ಮನೆಗೆ ಬಂದು ಕಷ್ಟಸುಖ ಕೇಳ್ಕೊಂಡು ಹೋಯ್ತಲ್ಲ ಆ ಹುಡುಗಿ, ಅವಳ ಮುಖ ನೋಡಿ ಸೇರಿದ್ವಿ ಅಂತಾರೆ. ನಾಳೆ ನಾನೂ ಸೇರ್ತೀನಿ."

ಅವಳು ಒಂದನ್ನೂ ಬಿಡದೆ ಹೇಳಿದಳು. ಅವನು ಬೆರಳು ಮಡಚಿ ತನಗೆ ಐವತ್ತಾಗಲು ಎಷ್ಟು ಉಳಿದಿದೆ ಎಂದು ಎಣಿಸಿದ. ಆಮೇಲೆ, "ಅಂದ್ರೆ ನಾನು ಎರಡು ವರ್ಷದೊಳಗೆ ಹೊರಟುಬಿಟ್ರೆ ಲಾಭ ಅನ್ನು," ಎಂದು ನಕ್ಕ. ನಗು ಕೆಮ್ಮಿಗೆ ತಿರುಗಿತು. ಅವಳು ನೀರು ಕೊಟ್ಟಳು, ಕೆಮ್ಮು ನಿಲ್ಲುವವರೆಗೆ ಬೆನ್ನು ನೀವಿದಳು, ಚಪ್ಪಲಿ ಮೆಟ್ಟಿ ಹೊರಟಳು.

ಓಣಿಯ ಮೊದಲ ಮನೆಯ ಕದ ತಟ್ಟಿದಾಗ ತೆರೆದವಳ ಮುಖ ಅರಳಿತು. "ಅಯ್ಯೋ, ನೀನಾ! ಬಾ ಒಳಗೆ," ಎನ್ನುತ್ತ, ಇದ್ದ ಒಂದೇ ಕುರ್ಚಿಯ ಮೇಲಿನ ಬಟ್ಟೆಯನ್ನೆಲ್ಲ ಬಾಚಿ ತೆಗೆದು, ಅಂಗೈಯಿಂದಲೇ ಧೂಳು ಒರೆಸತೊಡಗಿದಳು.